ಗುಡುಗಮ್ಮ ಅಮ್ಮನಿಗೆ ಪ್ರಾಂಪ್ಟ್ ಮಾಡಿದ ದಿನ

ಗುಡುಗಮ್ಮ ಸೆಟ್ಟಲ್ಲಿ ‘ಆಕ್ಷನ್’ ಅಂತ ಕೂಗಿದ್ರೆ ಸ್ಟುಡಿಯೋ ಹಿಂದಿನ ಬೀದೀಲಿ ಬಸ್ಸು ಹೊರಡ್ತಿತ್ತು, ‘ಕಟ್’ ಅಂದ್ರೆ ನಿಲ್ತಿತ್ತು. ನಂಬಿ. ಗೋಡೆ ಆಚೆಗೇ ಬಸ್ ಸ್ಟಾಪು. ಆ ರೂಟಿನ ಡ್ರೈವರು ಮೂರು ವರ್ಷ ಕಂಡಕ್ಟರನ ವಿಷಲ್ಲಿಗೆ ಕಿವೀನೇ ಕೊಡ್ಲಿಲ್ಲ, ಇವಳ ಗಂಟಲು ನಂಬ್ಕೊಂಡು ಬಸ್ ಓಡಿಸ್ದ. ಒಂದಿನ ಅವಳಿಗೆ ನೆಗಡಿಯಾಗಿ ದನಿ ಕೂತೋಯ್ತು. ಅವತ್ತು ಬಸ್ಸು ಮಧ್ಯಾಹ್ನದವರೆಗೂ ಸ್ಟಾಪಲ್ಲೇ ನಿಂತಿತ್ತಂತೆ, ಒಳಗಿದ್ದೋರೆಲ್ಲ ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಗೊಳ್ಳೋ ಮಾತುಕತೆ ಮುಗಿಸೋವಷ್ಟು ಹೊತ್ತು.

ಅಂಥ ಗಂಟಲು. ಸೌಂಡ್ ನೋಡ್ಕೊಳ್ಳೋನು ಕಿವೀಲಿ ಹತ್ತಿ ಇಟ್ಕೊಂಡೇ ಕೆಲಸಕ್ಕೆ ಬರ್ತಿದ್ದ. ಯೂನಿಟ್ಟಿನೋರು ಅವಳಿಗೆ ಗುಡುಗಮ್ಮ ಅಂತ ಹೆಸರಿಟ್ಟಿದ್ದು ಅದಕ್ಕೇ. ಮೊದಲು ಗುಡುಗಪ್ಪ ಅಂತಿದ್ರು. ಹುಟ್ಟಿದಾಗ ಆಸ್ಪತ್ರೇಲಿ ಗಂಡು ಅಂತ ಬರ್ಕೊಂಡಿದ್ರಲ್ಲ, ಅದನ್ನೇ ಎಲ್ಲರೂ ನಂಬಿದ್ರು. ಬರ್ಕೊಂಡೋರಿಗೆ ಅವಸರ ಇತ್ತು, ಮಗೂನ ಒಂದು ಮಾತು ಕೇಳೋಷ್ಟು ಪುರುಸೊತ್ತು ಯಾರಿಗಿತ್ತು?

ಅವಳು ಈ ಲೈನಿಗೆ ಬಂದಿದ್ದು ಪ್ರಾಂಪ್ಟರ್ ಆಗಿ. ಸೀರಿಯಲ್ ಸೆಟ್ಟಲ್ಲಿ ನಟರು ಡೈಲಾಗ್ ಬಾಯಿಪಾಠ ಮಾಡಲ್ಲ. ದಿನಕ್ಕೆ ಇಪ್ಪತ್ತು ಸೀನು, ಯಾರ ತಲೇಲಿ ನಿಲ್ಲುತ್ತೆ? ಅದಕ್ಕೇ ಕ್ಯಾಮೆರಾ ಪಕ್ಕ ಒಬ್ಬರು ಕಾಗದ ಹಿಡ್ಕೊಂಡು ನಿಂತು ಒಂದೊಂದೇ ಸಾಲು ಹೇಳ್ಕೊಡ್ತಾರೆ, ನಟರು ಕೇಳಿಸ್ಕೊಂಡು ಹೇಳ್ತಾರೆ. ಹೇಳ್ಕೊಡೋರು ಅಳಬಾರದು, ನಗಬಾರದು, ರಾಗ ಎಳೀಬಾರದು. ತರಕಾರಿ ಪಟ್ಟಿ ಓದ್ದಂಗೆ ಓದ್ಬೇಕು. ‘ಅಯ್ಯೋ ದೇವರೇ ನನ್ನ ಗಂಡ ಹೋಗ್ಬಿಟ್ರಾ’ ಅನ್ನೋದನ್ನ ‘ಅರ್ಧ ಕೆಜಿ ಬೀನ್ಸು’ ಅನ್ನೋ ಥರ ಹೇಳ್ಬೇಕು. ಭಾವನೆಯೆಲ್ಲ ನಟರ ಪಾಲು. ಆಮೇಲೆ ಪ್ರಾಂಪ್ಟರ್ ದನೀನ ಕತ್ತರಿಸಿ ಬಿಸಾಕ್ತಾರೆ, ಮನೇಲಿ ಕೂತು ನೋಡೋರಿಗೆ ಅಂಥ ಒಂದು ಪ್ರಾಣಿ ಇತ್ತು ಅನ್ನೋದೇ ಗೊತ್ತಾಗಲ್ಲ.

ಒಂಬತ್ತು ವರ್ಷ ಗುಡುಗಮ್ಮ ಆ ಪ್ರಾಣಿ ಆಗಿದ್ಳು. ಅತ್ತೆಗೂ ಅವಳೇ, ಸೊಸೆಗೂ ಅವಳೇ, ಗರ್ಭಿಣಿಗೂ ಅವಳೇ. ಮಗಳನ್ನ ಗಂಡನ ಮನೆಗೆ ಕಳಿಸೋ ತಾಯಂದಿರಿಗೆ ‘ಹೋಗಿ ಬಾ ಮಗಳೇ’ ಅಂತ ಹೇಳ್ಕೊಟ್ಟೂ ಹೇಳ್ಕೊಟ್ಟೂ ಆ ಸಾಲು ಅವಳ ನಾಲಿಗೇಲಿ ಗಂಟು ಬಿದ್ದಿತ್ತು. ಹತ್ತು ಸಾವಿರ ಸಲ ಹೇಳಿರ್ಬೋದು, ಲೆಕ್ಕ ಇಟ್ಟೋರ್ಯಾರು. ಅವಳ ಗುಡುಗು ದನೀಲಿ ಹೆಂಗಸರ ಮಾತು ಬರೋದು ಕೇಳಿ ಲೈಟಿನೋರು ಕಿಸಕ್ ಅಂತಿದ್ರು. ಆದ್ರೆ ನಟಿಯರು ಮಾತ್ರ ‘ಇವರೇ ಹೇಳ್ಕೊಡ್ಲಿ, ಬೇರೆಯೋರು ಹೇಳಿದ್ರೆ ಮಾತು ಬಾಯಿಗೇ ಬರಲ್ಲ’ ಅಂತ ಹಟ ಹಿಡೀತಿದ್ರು.

ಆಮೇಲೆ ಒಂದು ಸೀರಿಯಲ್ಲಿನ ಮುದುಕ ಡೈರೆಕ್ಟರು ಕುರ್ಚೀಲಿ ನಿದ್ದೆ ಹೋದ್ರು. ಎಷ್ಟು ಹೊತ್ತು ಅಂತೀರಿ? ಹೋದೋರು ವಾರ ಏಳ್ಲೇ ಇಲ್ಲ. ಊಟದ ಹೊತ್ತಿಗಷ್ಟೇ ಎದ್ದು ಉಂಡು ಮತ್ತೆ ಅದೇ ಕುರ್ಚಿ. ಅವರ ಮೇಲೆ ಯಾರೋ ಕೋಟು ನೇತುಹಾಕಿದ್ರಂತೆ, ಸ್ಟ್ಯಾಂಡು ಅಂದ್ಕೊಂಡು. ಆ ವಾರದ ಸೀನೆಲ್ಲ ತೆಗೆದಿದ್ದು ಗುಡುಗಮ್ಮ. ಟಿಆರ್‌ಪಿ ನೆಗೆದು ಸೂರಿಗೆ ಬಡೀತು. ಚಾನೆಲ್ಲಿನ ಮುಖ್ಯಸ್ಥರು, ಎಲ್ಲರೂ ಚಾನೆಲ್ ಸಾರು ಅಂತಿದ್ದೋರು, ಫೋನ್ ಮಾಡಿ ‘ಅವರನ್ನ ಎಬ್ಬಿಸಬೇಡಿ’ ಅಂದ್ರು. ಹಂಗೆ ಅವಳು ಡೈರೆಕ್ಟರಾದ್ಳು.

ಆದ್ಮೇಲೆ ತನ್ನದೇ ಅಂತ ಒಂದು ಸೀರಿಯಲ್ ಶುರು ಮಾಡಿದ್ಳು. ಒಬ್ಬಳು ಸೊಸೆ ಕಥೆ. ಆ ಸೊಸೇನ ಅವಳು ಕಾಡಿಸಿದಂಗೆ ಭೂಮಿ ಮೇಲೆ ಯಾರೂ ಯಾರನ್ನೂ ಕಾಡಿಸಿಲ್ಲ. ಮೂರು ಸಲ ನೀರಿಗೆ ಬಿದ್ಳು, ನಾಲ್ಕು ಸಲ ನೆನಪು ಹೋಯ್ತು, ಎರಡು ಸಲ ಕಣ್ಣು ಹೋಯ್ತು, ಒಂದು ಸಲ ಸತ್ತೇ ಹೋದ್ಳು, ಚಾನೆಲ್ ಸಾರು ಒಪ್ಪದೇ ಇದ್ದಿದ್ದಕ್ಕೆ ವಾಪಸ್ ಬಂದ್ಳು. ಪಾತ್ರ ಮಾಡೋ ಹುಡುಗೀನ ಕೂಡ ಹಂಗೇ ಕಾಡಿಸ್ತಿದ್ಳು. ಕಣ್ಣೀರು ಬರಲಿಲ್ಲ ಅಂದ್ರೆ ಇಡೀ ಸೆಟ್ಟಿನ ಮುಂದೆ, ‘ಏನಮ್ಮಾ, ಕಣ್ಣಾ ಅದು, ಅಂಗಿ ಗುಂಡೀನಾ?’ ಅನ್ನೋಳು. ಹುಡುಗಿ ನಿಜವಾಗ್ಲೂ ಅಳೋಳು. ‘ಹ್ಞಾಂ, ಓಕೆ. ಮುಂದಿನ ಶಾಟ್.’ ಗುಡುಗಮ್ಮನಿಗೆ ಓಕೆ ಆಗದ ಶಾಟು ಅಂದ್ರೆ ಚಪ್ಪಲಿಯೊಳಗೆ ಕಲ್ಲಿದ್ದಂಗೆ. ಅದನ್ನ ಇಟ್ಕೊಂಡು ಒಂದು ಹೆಜ್ಜೇನೂ ಇಡ್ತಿರ್ಲಿಲ್ಲ.

ಮೂವತ್ನಾಲ್ಕನೇ ವಯಸ್ಸಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಹೆಂಗಸರ ಉದ್ದನೆ ಅಂಗಿ ಹಾಕ್ಕೊಂಡು, ತುಟಿಗೆ ಬಣ್ಣ ಹಚ್ಕೊಂಡು ಸೆಟ್ಟಿಗೆ ಬಂದ್ಳು. ಒಂದು ನಿಮಿಷ ಫ್ಯಾನ್ ಕೂಡ ತಿರುಗಲಿಲ್ಲ. ಕೊನೆಗೆ ಮೇಕಪ್ ಅಕ್ಕ ಹತ್ತಿರ ಬಂದು ಮುಖ ನೋಡಿ, “ಈ ಬಣ್ಣ ನಿಮಗೆ ಹೊಂದಲ್ಲ. ಕೂತ್ಕೊಳಿ, ಬೇರೆ ಹಾಕ್ತೀನಿ” ಅಂದ್ಳು. ಅಷ್ಟೇ. ಅವತ್ತು ಅವಳಿಗೆ ಸಿಕ್ಕ ಒಳ್ಳೇ ಮಾತು ಅದೊಂದೇ.

ಉಳಿದಿದ್ದು ಕೇಳಿ. ಲೈಟಿನೋರು ‘ಮೇಡಮ್ಮಾ’ ಅಂತ ರಾಗ ಎಳೆದು ಕರೆದು, ಆ ಕಡೆ ತಿರುಗಿ ಒಬ್ಬರ ಬೆನ್ನಿಗೊಬ್ಬರು ಗುದ್ದಿ ನಕ್ಕರು. ಹೆಂಗಸರ ಟಾಯ್ಲೆಟ್ಟಿಗೆ ಬೀಗ ಬಿತ್ತು, ಗಂಡಸರದ್ದಕ್ಕೆ ಹೋದ್ರೆ ಒಳಗಿದ್ದೋರು ಕೈ ಚಪ್ಪಾಳೆ ತಟ್ಟೋರು. ಮ್ಯಾನೇಜರು ಮುರಿದ ಲೈಟ್ ಸ್ಟ್ಯಾಂಡ್ ಇಡೋ ಕೋಣೆಗೆ ಒಂದು ಬಕೆಟ್ಟು ಹಾಕ್ಸಿ, ಬಾಗಿಲಿಗೆ ‘ಡೈರೆಕ್ಟರ್’ ಅಂತ ಕಾಗದ ಅಂಟಿಸ್ದ. “ನಿಮಗೇ ಅಂತ ಸ್ಪೆಷಲ್ಲು” ಅಂದ. ನಾಲ್ಕು ವರ್ಷ ಅವಳು ಆ ಬಕೆಟ್ಟೇ ಬಳಸಿದ್ದು.

ಚಾನೆಲ್ ಸಾರು ಎಸಿ ರೂಮಿಗೆ ಕರೆಸಿ ಕಾಫಿ ಕೊಟ್ಟು, ನಗ್ತಾನೇ ಹೇಳಿದ್ರು. “ನೋಡಿ, ಟಿಆರ್‌ಪಿ ಇರೋವರೆಗೂ ನೀವು ಮೇಡಂ ಆಗಿ, ಮಹಾರಾಣಿ ಆಗಿ, ನಮಗೇನೂ ಇಲ್ಲ. ಟಿಆರ್‌ಪಿ ಬಿದ್ದ ದಿನ ನೀವು ಸಾರೂ ಅಲ್ಲ, ಮೇಡಮ್ಮೂ ಅಲ್ಲ. ಕಾಫಿ ತಗೊಳ್ಳಿ, ತಣ್ಣಗಾಗುತ್ತೆ.”

ಗುಡುಗಮ್ಮ ಕಾಫಿ ಕುಡಿದ್ಳು. ಸೊಸೇನ ಇನ್ನೊಂದು ಸಲ ನೀರಿಗೆ ತಳ್ಳಿದ್ಳು. ಟಿಆರ್‌ಪಿ ಬೀಳ್ಲಿಲ್ಲ.

ಇದನ್ನೆಲ್ಲ ಅವಳು ಒಂದು ಲೋಟ ನೀರು ಕುಡಿದಷ್ಟು ಸುಲಭಕ್ಕೆ ನುಂಗಿದ್ಳು. ನುಂಗಕ್ಕಾಗದ್ದು ಒಂದೇ, ಅವಳ ಅಮ್ಮ. ಹೆಂಗಸರ ಅಂಗಿ ಹಾಕ್ಕೊಂಡು ಸೆಟ್ಟಿಗೆ ಬರೋಕೂ ಏಳು ವರ್ಷ ಮುಂಚೇನೇ ಅವಳು ಮನೇಲಿ ಬಾಯಿಬಿಟ್ಟು ಹೇಳಿದ್ಳು. ಅಡುಗೆಮನೇಲಿ ಅಮ್ಮ ಪಾತ್ರೆ ಉಜ್ಜುತಾ ಇದ್ರು. ಕೇಳಿಸ್ಕೊಂಡ್ರು, ಪಾತ್ರೆ ತೊಳೆದು ಬೋರಲು ಹಾಕಿದ್ರು, ಕೈ ಒರೆಸ್ಕೊಂಡು ಅಣ್ಣನ್ನ ಕರೆದ್ರು. “ನಂಗೆ ಇಬ್ಬರು ಗಂಡುಮಕ್ಕಳು. ಒಬ್ಬ ನೀನು. ಇನ್ನೊಬ್ಬ ಈಗ ಹೋದ. ಬಾಗಿಲು ಹಾಕ್ಕೋ.” ಅಣ್ಣ ಬಾಗಿಲು ಹಾಕ್ಕೊಂಡ. ಹಾಕ್ಕೊಳ್ಳೋವಾಗ ಇವಳ ಬೆರಳು ಸಿಕ್ಕೊಂಡಿತ್ತು, ಅದನ್ನ ತೆಗೆಯೋಕಷ್ಟೇ ಒಂಚೂರು ತೆಗೆದು ಮತ್ತೆ ಹಾಕ್ಕೊಂಡ.

ಹನ್ನೊಂದು ವರ್ಷ ಆಯ್ತು. ಸಾವಿರಾರು ಬಾಯಿಗೆ ಮಾತು ಹಾಕಿದ ಗುಡುಗಮ್ಮನಿಗೆ ಒಂದೇ ಒಂದು ಬಾಯಿಂದ ಒಂದೇ ಒಂದು ಮಾತು ಕೇಳ್ಬೇಕಿತ್ತು. ಅಮ್ಮ ಒಂದು ಸಲ ‘ಮಗಳೇ’ ಅನ್ಬೇಕು. ಅಷ್ಟೇ. ಬೈದು ಅಂದ್ರೂ ಸರಿ, ಸಿಡುಕಿ ಅಂದ್ರೂ ಸರಿ.

ಸೀರಿಯಲ್ಲಿಗೆ ಸಾವಿರ ಎಪಿಸೋಡ್ ಆಗೋದಕ್ಕೆ ಬಂತು. ಚಾನೆಲ್ ಸಾರಿಗೆ ಒಂದು ಐಡಿಯಾ ಹೊಳೀತು. “ಸ್ಪೆಷಲ್ ಎಪಿಸೋಡ್ ಮಾಡೋಣ ಮೇಡಂ. ಡೈರೆಕ್ಟರಿಗೆ ಸರ್ಪ್ರೈಸು. ಹನ್ನೊಂದು ವರ್ಷದ ಮೇಲೆ ತಾಯಿ ಬಂದು ಮಗಳೇ ಅಂತಾರೆ. ಜನ ಅತ್ತು ಅತ್ತು ಟಿವಿ ಒಳಗೆ ನೀರು ಹೋಗ್ಬೇಕು.”

“ಅಮ್ಮ ಬರಲ್ಲ.”

“ಒಪ್ಕೊಂಡಾಯ್ತು. ನಿಮ್ಮಣ್ಣನ ಹತ್ರ ಮಾತಾಡಿದೀವಿ.”

ಗುಡುಗಮ್ಮನ ದನಿ ಬೆಕ್ಕಿನ ಮರಿ ಥರ ಬಂತು. “ಅಮ್ಮಾನೇ ಒಪ್ಕೊಂಡ್ರಾ?”

“ಅವರೇ. ಖುಷಿಯಿಂದ. ಬೇರೆ ಡೈರೆಕ್ಟರ್ ಹಾಕೋಣ್ವಾ ಅವತ್ತಿಗೆ? ನೀವು ಸುಮ್ನೆ ಕೂತ್ಕೊಂಡು ಅಳಿ.”

“ನಮ್ಮಮ್ಮನ ಕ್ಲೋಸಪ್ ಬೇರೆಯೋನು ಇಡ್ತಾನಾ?” ಅಂದ್ಳು ಗುಡುಗಮ್ಮ. ದನಿ ವಾಪಸ್ ಬಂದಿತ್ತು, ಕಾಫಿ ಕಪ್ಪು ಟಣ್ ಅಂತು. “ನಾನೇ ತೆಗೀತೀನಿ.”

ಅಮ್ಮ ಹೇಳೋ ಮಾತು ಬರೆಯೋಕೆ ಚಾನೆಲ್ಲಿಂದ ರೈಟರ್ ಕಳಿಸಿದ್ರು. ಅವನು ಹತ್ತೊಂಬತ್ತು ಪುಟ ಬರೆದ, ಅದರಲ್ಲಿ ತಾಯಿ ಎರಡು ಸಲ ಮೂರ್ಛೆ ಹೋಗ್ತಾರೆ. ಗುಡುಗಮ್ಮ ಎಲ್ಲ ಹರಿದು ಹಾಕಿ, ಪೆನ್ನು ತಗೊಂಡು ತಾನೇ ಬರೆದ್ಳು. ಮೂರೇ ಸಾಲು. ‘ಮಗಳೇ. ನೀನು ಹೆಂಗಿದ್ರೂ ನಮ್ಮನೆ ಮಗು. ಮನೆಗೆ ಬಾ.’ ಬರೆದು ಎರಡು ದಿನ ಜೇಬಲ್ಲಿ ಇಟ್ಕೊಂಡು ಓಡಾಡಿದ್ಳು. ಕಾಗದ ಮಡಿಕೆ ಮಡಿಕೆಯಲ್ಲೇ ಹರಿದೋಯ್ತು, ಇನ್ನೊಂದು ಬರ್ಕೊಂಡ್ಳು.

ಶೂಟಿಂಗ್ ದಿನ. ಸೀರಿಯಲ್ಲಿನ ಹಾಲ್ ಸೆಟ್ಟೇ, ಎದುರುಬದರು ಎರಡು ಸೋಫಾ. ಬೆಳಿಗ್ಗೆ ಹತ್ತಕ್ಕೆ ಕಾರು ಬಂತು. ಮೊದಲು ಅಣ್ಣ ಇಳಿದ, ಕೂದಲಿಗೆ ಎಣ್ಣೆ ಹಚ್ಕೊಂಡು ಕನ್ನಡಕ ಏರಿಸ್ಕೊಂಡು. ಆಮೇಲೆ ಅಮ್ಮ. ಕುಗ್ಗಿದ್ರು, ಮೊದಲಿನ ಅರ್ಧ ಆಗಿದ್ರು.

ಅಮ್ಮ ಒಳಗೆ ಬಂದು ಎಲ್ಲರ ಮುಖಾನೂ ಹುಡುಕ್ತಾ ಬಂದ್ರು. ಹುಡುಕ್ತಾ ಹುಡುಕ್ತಾ ಕಣ್ಣು ಗುಡುಗಮ್ಮನ ಮೇಲೆ ಬಂತು, ಗೋಡೆ ಮೇಲಿನ ಕ್ಯಾಲೆಂಡರ್ ದಾಟಿದಂಗೆ ದಾಟಿ ಮುಂದಕ್ಕೆ ಹೋಯ್ತು. ಹೋಗಿ ಮೂಲೇಲಿ ಕೂತಿದ್ದ ಸೊಸೆ ಪಾತ್ರದ ಹುಡುಗಿ ಮೇಲೆ ನಿಲ್ತು.

“ಅಯ್ಯೋ ನನ್ನ ಕಂದಾ!” ಅಂದ್ರು ಅಮ್ಮ. ಓಡಿ ಹೋಗಿ ಆ ಹುಡುಗಿ ಎರಡೂ ಕೆನ್ನೆ ಹಿಡ್ಕೊಂಡ್ರು. “ಎಷ್ಟು ಸೊರಗಿದೀಯೇ! ಮೊನ್ನೆ ನೀರಿಗೆ ಬಿದ್ಯಲ್ಲ, ನೆಗಡಿ ಆಗ್ಲಿಲ್ವಾ? ದಿನಾ ಸಾಯಂಕಾಲ ನಿನ್ನೇ ನೋಡೋದು ನಾನು. ನೀನು ಅತ್ರೆ ನಂಗೆ ಅನ್ನ ಇಳಿಯಲ್ಲ ಮಗಳೇ.”

ಗುಡುಗಮ್ಮ ಆರು ಅಡಿ ದೂರದಲ್ಲಿ ನಿಂತಿದ್ಳು. ಅವಳು ಕೇಳ್ಬೇಕು ಅಂದ್ಕೊಂಡಿದ್ದ ಮಾತು, ಅವಳು ಕೇಳ್ಬೇಕಾಗಿದ್ದ ದನಿಯಲ್ಲೇ, ಬಿಟ್ಟಿಯಾಗಿ, ಬೇರೆಯೋಳಿಗೆ ಸಿಕ್ಕಿತ್ತು.

ಅಣ್ಣ ಪಕ್ಕಕ್ಕೆ ಬಂದ. “ಹೀರೋಯಿನ್ನನ್ನ ತೋರಿಸ್ತೀವಿ ಅಂದಿದ್ದಕ್ಕೆ ಬಂದ್ರು ಕಣೋ. ಇಲ್ದಿದ್ರೆ ನಿನ್ನ ಮುಖ ನೋಡಕ್ಕೆ ಬರ್ತಿದ್ರಾ? ಅದೇನೋ ಎರಡು ಮಾತು ಹೇಳ್ಬೇಕಂತಲ್ಲ, ಬೇಗ ಹೇಳ್ಸಿ ಕಳ್ಸು. ಆಮೇಲೆ ಇನ್ನೊಂದು. ಪೊಲೀಸ್ ಪಾತ್ರ ಗೀತ್ರ ಇದ್ರೆ ನಂಗೆ ಹೇಳು, ಮೀಸೆ ಬಿಟ್ಟಿದೀನಿ.”

ಗುಡುಗಮ್ಮ ಅವನ ಮೀಸೆ ನೋಡಿದ್ಳು. ಕ್ಯಾಮೆರಾ ಹತ್ರ ಹೋಗಿ, “ಅಮ್ಮನ್ನ ಕೂರಿಸಿ” ಅಂದ್ಳು. ಹಿಂದಿನ ಬೀದೀಲಿ ಬಸ್ಸು ಸುಮ್ನೆ ಗುರ್ ಅಂದು ನಿಲ್ತು.

ಮೊದಲು ಇಬ್ಬರೂ ಎದುರುಬದರು ಕೂತಿರೋ ದೊಡ್ಡ ಶಾಟು. ಅಮ್ಮ ಸೋಫಾದ ಕೈ ನೋಡ್ಕೊಂಡು ಕೂತ್ರು. ಪರವಾಗಿಲ್ಲ, ದೂರದಿಂದ ಯಾರಿಗೆ ಕಾಣುತ್ತೆ. ಆಮೇಲೆ ಅಮ್ಮನ ಕ್ಲೋಸಪ್ಪು. ಪ್ರಾಂಪ್ಟರ್ ಕಾಗದ ಹಿಡ್ಕೊಂಡು ಬಂದ. ಅವನಿಗೆ ಕೆಮ್ಮಣ್ಣ ಅಂತಾನೇ ಹೆಸರು, ಹುಟ್ಟಿದಾಗ ಅಳೋ ಬದಲು ಕೆಮ್ಮಿದ್ನಂತೆ.

“ಆಕ್ಷನ್!”

“ಮಗಳೇ,” ಅಂತ ಕೆಮ್ಮಣ್ಣ ಹೇಳ್ಕೊಟ್ಟ, ಅರ್ಧ ಕೆಜಿ ಬೀನ್ಸಿನ ಥರ.

ಅಮ್ಮ ಬಾಯಿ ತೆಗೆದ್ರು. ಮುಚ್ಚಿದ್ರು.

“ಮಗಳೇ,” ಅಂತ ಮತ್ತೆ ಅಂದು, ಕೆಮ್ಮಣ್ಣ ಕೆಮ್ಮಿದ. ಕಟ್.

ಎರಡನೇ ಟೇಕು. ಅಮ್ಮ ಆ ಮಾತು ಬಿಟ್ಟು ಮುಂದಿನದಕ್ಕೆ ಹಾರಿದ್ರು. “ನೀನು ಹೆಂಗಿದ್ರೂ ನಮ್ಮನೆ ಮಗು. ಮನೆಗೆ ಬಾ. ಆಯ್ತಾ? ಕಾಫಿ ಕೊಡ್ತಾರಾ?” ಕಟ್.

ಮೂರನೇದು. ನಾಲ್ಕನೇದು. ಆ ಮಾತಿನ ಹತ್ರ ಬಂದ್ರೆ ಸಾಕು, ಅಮ್ಮನ ಬಾಯಿ ಬೀಗ ಹಾಕಿದ ಪೆಟ್ಟಿಗೆ ಆಗೋದು. ಏಳನೇ ಟೇಕಿಗೆ ಕೆಮ್ಮಣ್ಣನ ಕೆಮ್ಮು ಎದ್ದಿದ್ದು ಇಳೀಲೇ ಇಲ್ಲ, ಅವನನ್ನ ಹೊರಗೆ ಕರ್ಕೊಂಡೋಗಿ ಬೆನ್ನು ತಟ್ಟಬೇಕಾಯ್ತು. ಚಾನೆಲ್ ಸಾರು ಗಡಿಯಾರ ತೋರಿಸಿದ್ರು. ನಾಳೆ ಸಾಯಂಕಾಲ ಪ್ರಸಾರ. ಪ್ರೋಮೋ ಆಗಲೇ ಓಡ್ತಿತ್ತು.

“ನಾನೇ ಹೇಳ್ಕೊಡ್ತೀನಿ,” ಅಂದ್ಳು ಗುಡುಗಮ್ಮ.

ಮೇಕಪ್ ಅಕ್ಕ ಒಬ್ಬಳೇ, “ಬೇಡ ಬಿಡಿ ಮೇಡಂ” ಅಂದ್ಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಗುಡುಗಮ್ಮ ಕ್ಯಾಮೆರಾ ಪಕ್ಕ ಬಂದು ನಿಂತ್ಳು, ಒಂಬತ್ತು ವರ್ಷ ನಿಂತಿದ್ದ ಜಾಗದಲ್ಲೇ. ಕಾಗದ ಕೈಲಿತ್ತು, ನೋಡ್ಬೇಕಾಗಿರ್ಲಿಲ್ಲ. ಅವಳ ಮೊಣಕಾಲಿಂದ ಅಮ್ಮನ ಮೊಣಕಾಲಿಗೆ ಮೂರೇ ಅಡಿ.

“ಮಗಳೇ,” ಅಂದ್ಳು. ರಾಗ ಇಲ್ಲ, ಭಾವನೆ ಇಲ್ಲ. ಕಸುಬು ಕಲ್ತಿದ್ದೋಳಲ್ವಾ.

ಅಮ್ಮ ಮೊದಲನೇ ಸಲ ಅವಳನ್ನ ನೆಟ್ಟಗೆ ನೋಡಿದ್ರು. ನೋಡಿ, ಅಣ್ಣನ ಕಡೆ ತಿರುಗಿದ್ರು. “ಇವನು ಮುಂದೆ ನಿಂತ್ರೆ ನಂಗೆ ಹೇಳಕ್ಕಾಗಲ್ಲ. ನಾಲಿಗೆ ಹೊರಳಲ್ಲಪ್ಪ. ಏನ್ ಮಾಡ್ಲಿ? ಸುಳ್ಳು ಹೇಳಿ ಅಭ್ಯಾಸ ಇಲ್ಲ.”

“ಹೇಳಮ್ಮಾ, ನಟನೆ ತಾನೇ,” ಅಂದ ಅಣ್ಣ. “ಆ ಹುಡುಗಿಗೆ ಹೇಳ್ದಂಗೆ ಹೇಳು.”

“ಆ ಹುಡುಗೀನೇ ಬೇರೆ. ಅದು ಹೆಣ್ಣುಮಗು.”

ಹನ್ನೊಂದನೇ ಟೇಕು. ಹನ್ನೆರಡನೇದು. “ಮಗಳೇ.” ಮೌನ. “ಮಗಳೇ.” ಮೌನ. ಲೈಟಿನೋರಿಗೂ ನಗು ನಿಂತೋಗಿತ್ತು, ಒಬ್ಬ ಮಾತ್ರ ಇನ್ನೊಬ್ಬನ ಕಿವೀಲಿ ‘ಗುಡುಗು ತನ್ನನ್ನೇ ಕರ್ಕೊಳ್ತಿದೆ’ ಅಂದ, ಅದು ಎಲ್ಲರಿಗೂ ಕೇಳಿಸ್ತು. ಹದಿನಾಲ್ಕನೇ ಟೇಕಿಗೆ ಅಮ್ಮ ಕಣ್ಣು ಮುಚ್ಕೊಂಡ್ರು, ನಂಗೆ ತಲೆ ಸುತ್ತುತ್ತೆ ಅಂದ್ರು, ನೀರು ಕೇಳಿದ್ರು.

ಅಲ್ಲಿಗೆ ಬಿಡ್ಬೇಕಿತ್ತು. ಬೇರೆ ಯಾರಾದ್ರೂ ಆಗಿದ್ರೆ ಕಾಗದ ಬಿಸಾಕಿ, ಆ ಬಕೆಟ್ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತು ಬರ್ತಿದ್ರು. ಗುಡುಗಮ್ಮ ಹಂಗಲ್ಲ. ಅಮ್ಮ ನೀರು ಕುಡಿಯೋವಾಗ ಅವಳು ಮಾನಿಟರ್ ನೋಡ್ತಾ ನಿಂತಿದ್ಳು. ಹದಿನಾಲ್ಕು ಟೇಕು, ಒಂದೂ ಓಕೆ ಇಲ್ಲ. ಚಪ್ಪಲಿಯೊಳಗಿನ ಆ ಕಲ್ಲು ಒತ್ತೋಕೆ ಶುರುವಾಯ್ತು. ಶಾಟು ಯಾಕೆ ಆಗ್ತಿಲ್ಲ? ನಟಿ ನೋಡೋ ಜಾಗ ಸರಿ ಇಲ್ಲ, ಅದಕ್ಕೆ. ನೋಟ ಎಲ್ಲಿಗೆ ಹೋದ್ರೆ ಮಾತು ಬರುತ್ತೆ? ಅದು ಅವಳಿಗೆ ಬೆಳಿಗ್ಗೆ ಹತ್ತಕ್ಕೇ ಗೊತ್ತಾಗಿತ್ತು.

“ಸೊಸೇನ ಕರೀರಿ,” ಅಂದ್ಳು.

ಹುಡುಗಿ ಬಂದ್ಳು. ಗುಡುಗಮ್ಮ ಅವಳ ಭುಜ ಹಿಡಿದು ಕ್ಯಾಮೆರಾ ಪಕ್ಕ, ತಾನು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದ್ಳು. ತಾನು ಅವಳ ಬೆನ್ನ ಹಿಂದೆ, ಲೈಟಿಗೆ ಅಡ್ಡ ಕಟ್ಟೋ ಕಪ್ಪು ಬಟ್ಟೆ ಮರೆಗೆ ಹೋಗಿ ಬಗ್ಗಿ ನಿಂತ್ಳು.

“ಮೇಡಂ, ನಾನು... ಬೇಡ ಮೇಡಂ,” ಅಂದ್ಳು ಹುಡುಗಿ. ಅವಳ ಕಣ್ಣಲ್ಲಿ ಆಗಲೇ ನೀರಿತ್ತು. “ನಂಗೆ ಇದು ಆಗಲ್ಲ.”

“ನಿಂಗೆ ಕ್ಯಾಮೆರಾ ಇಲ್ಲ, ಯಾಕೆ ಅಳ್ತೀಯಾ? ಸುಮ್ನೆ ನಿಂತ್ಕೊ. ಒಂಚೂರು ಬಲಕ್ಕೆ. ಹ್ಞಾಂ. ಅಮ್ಮನ್ನ ನೋಡು, ನಗು.”

ಹುಡುಗಿ ಅಳ್ತಾನೇ ನಕ್ಕಳು. ಎದುರಿಗೆ ಅಮ್ಮನ ಮುಖ ಹಿಟ್ಟು ನಾದಿದಂಗೆ ಮೆತ್ತಗಾಯ್ತು.

“ಆಕ್ಷನ್,” ಅಂದ್ಳು ಗುಡುಗಮ್ಮ. ಅವತ್ತು ಆ ಒಂದು ಸಲ ಬಸ್ಸಿಗೂ ಕೇಳಿಸಲಿಲ್ಲ. “ಮಗಳೇ.”

“ಮಗಳೇ,” ಅಂದ್ರು ಅಮ್ಮ.

“ನೀನು ಹೆಂಗಿದ್ರೂ ನಮ್ಮನೆ ಮಗು.”

“ನೀನು ಹೆಂಗಿದ್ರೂ ನಮ್ಮನೆ ಮಗು ಕಣೇ,” ಅಂದ್ರು ಅಮ್ಮ. ಕಣೇ ಅನ್ನೋದು ಬರೆದಿರ್ಲಿಲ್ಲ, ಅವರೇ ಸೇರಿಸಿದ್ರು. ಕೈ ಮುಂದಕ್ಕೆ ಚಾಚಿದ್ರು. ಕಣ್ಣಿಂದ ಒಂದು ಹನಿ, ಗ್ಲಿಸರಿನ್ ಇಲ್ದೇ, ಕೆನ್ನೆಯ ಸರಿಯಾದ ಕಡೆ, ಲೈಟ್ ಬೀಳೋ ಕಡೆ ಇಳೀತು.

“ಮನೆಗೆ ಬಾ.”

“ಮನೆಗೆ ಬಾ. ನಾನು ಕಾಯ್ತಾ ಇರ್ತೀನಿ.” ಅದನ್ನೂ ಅವರೇ ಸೇರಿಸಿದ್ರು.

ಐದು ಎಣಿಸೋವರೆಗೂ ಗುಡುಗಮ್ಮ ಕಟ್ ಅನ್ಲಿಲ್ಲ. ಆಮೇಲೆ ಬಟ್ಟೆ ಹಿಂದಿಂದ ದನಿ ಬಂತು. “ಕಟ್. ಓಕೆ. ತುಂಬಾ ಚೆನ್ನಾಗಿತ್ತು.”

ಎಲ್ಲರೂ ಚಪ್ಪಾಳೆ ತಟ್ಟಿದ್ರು. ಚಾನೆಲ್ ಸಾರು ಎದ್ದು ನಿಂತು ತಟ್ಟಿದ್ರು. ಅಮ್ಮ ಎದ್ದು ಹೋಗಿ ಹುಡುಗೀನ ತಬ್ಕೊಂಡ್ರು, ಅಣ್ಣ ಮೊಬೈಲ್ ತೆಗೆದು ಫೋಟೋ ಹೊಡೆದ, ಒಂದು ಎರಡು ಅಲ್ಲ, ಒಂದು ಮದುವೆ ಆಲ್ಬಮ್ ಆಗೋವಷ್ಟು.

ಹೊರಡೋ ಮುಂಚೆ ಅಮ್ಮ ಗುಡುಗಮ್ಮನ ಹತ್ರ ಬಂದ್ರು. ತಾವಾಗೇ ಬಂದ್ರು. ಗುಡುಗಮ್ಮ ಕಾಗದ ಹಿಂದಕ್ಕೆ ಬಚ್ಚಿಟ್ಕೊಂಡ್ಳು, ಶಾಲೇಲಿ ಸಿಕ್ಕಿಬಿದ್ದೋರ ಥರ.

“ಆ ಹುಡುಗೀನ ಅಷ್ಟೊಂದು ಯಾಕೆ ಅಳಿಸ್ತೀಯಾ?” ಅಂದ್ರು ಅಮ್ಮ. “ದಿನಾ ಒಂದಲ್ಲ ಒಂದು ಕಷ್ಟ ಕೊಡ್ತೀಯಲ್ಲ. ಅದಕ್ಕೂ ಒಬ್ಬಳು ಹೆತ್ತ ತಾಯಿ ಇರ್ತಾಳೆ, ನೋಡಿ ಎಷ್ಟು ಸಂಕಟ ಪಡ್ತಾಳೋ. ನಿಂಗೆ ಕರುಳು ಅನ್ನೋದೇ ಇಲ್ವಾ?”

“ಇನ್ಮೇಲೆ ಅಳಿಸಲ್ಲ,” ಅಂದ್ಳು ಗುಡುಗಮ್ಮ.

“ಹ್ಞೂಂ,” ಅಂದ್ರು ಅಮ್ಮ. ಕಾರು ಹತ್ತಿದ್ರು. ಕಾರು ತಿರುಗೋವಾಗ ಕಿಟಕಿಯಿಂದ ಕೈ ಬೀಸಿದ್ರು. ಗುಡುಗಮ್ಮನ ಕೈ ಮೇಲೆದ್ದಿತ್ತು, ಆಮೇಲೆ ನೋಡಿದ್ರೆ ಹಿಂದೆ ಹುಡುಗಿ ನಿಂತಿದ್ಳು.

ಇನ್ನೂ ಒಂದು ಶಾಟು ಬಾಕಿ. ಅಮ್ಮನ ಮಾತು ಕೇಳಿ ಡೈರೆಕ್ಟರಮ್ಮ ಅಳೋ ಕ್ಲೋಸಪ್ಪು. ಎದುರಿಗೆ ಅಮ್ಮ ಇಲ್ಲ. ಅದೇನು ದೊಡ್ಡ ವಿಷಯ? ಸೀರಿಯಲ್ಲಲ್ಲಿ ಅರ್ಧಕ್ಕರ್ಧ ಜಗಳ, ಅರ್ಧಕ್ಕರ್ಧ ಪ್ರೀತಿ ಹಂಗೇ ಆಗೋದು, ಒಬ್ಬರು ಹೋದ್ಮೇಲೆ ಇನ್ನೊಬ್ಬರದ್ದು. ಅಮ್ಮನ ಮುಖ ಇರ್ಬೇಕಾದ ಎತ್ತರಕ್ಕೆ ಒಂದು ಸ್ಟ್ಯಾಂಡ್ ನಿಲ್ಲಿಸಿ, ಕೆಂಪು ಟೇಪು ಅಂಟಿಸಿದ್ರು. ಕೆಮ್ಮಣ್ಣ ಬಿಸಿನೀರು ಕುಡಿದು ಬಂದು ಅದರ ಪಕ್ಕ ನಿಂತ.

ಗುಡುಗಮ್ಮ ಸೋಫಾದಲ್ಲಿ ಕೂತ್ಳು. ಟೇಪು ನೋಡಿದ್ಳು.

“ಮಗಳೇ,” ಅಂದ ಕೆಮ್ಮಣ್ಣ. “ನೀನು ಹೆಂಗಿದ್ರೂ ನಮ್ಮನೆ ಮಗು. ಮನೆಗೆ ಬಾ.”

ಕಣ್ಣು ಒಣಗಿದ ಕೆರೆ. ಒಂದು ಹನಿ ಬರಲಿಲ್ಲ. ಎರಡನೇ ಟೇಕು, ಇಲ್ಲ. ಮೂರನೇದು, ಇಲ್ಲ. ಕೆಮ್ಮಣ್ಣ ಪಾಪ, ರೂಲ್ಸ್ ಮುರಿದು ಒಂಚೂರು ರಾಗ ಎಳೆದು ಹೇಳ್ದ. ಆಗಲೂ ಇಲ್ಲ. ನೂರಾರು ನಟಿಯರಿಗೆ ಕಣ್ಣಾ ಅದು ಗುಂಡೀನಾ ಅಂದೋಳು, ಈಗ ತಾನೇ ಕಣ್ಣು ಪಿಳಿಪಿಳಿ ಬಿಡ್ತಾ ಕೂತಿದ್ಳು.

“ಏನ್ ಮೇಡಂ,” ಅಂದ್ರು ಚಾನೆಲ್ ಸಾರು. “ನಿಮ್ಮ ಜೀವನ ತಾನೇ ಇದು? ಒಂಚೂರು ಫೀಲ್ ಮಾಡ್ಕೊಳಿ.”

ಲೈಟಿನೋರು ಬಾಯಿ ಮುಚ್ಕೊಂಡು ನಕ್ಕರು.

“ಗ್ಲಿಸರಿನ್ ತನ್ನಿ,” ಅಂದ್ಳು ಗುಡುಗಮ್ಮ.

ಮೇಕಪ್ ಅಕ್ಕ ಬಂದು ಅವಳ ಗಲ್ಲ ಎತ್ತಿ ಹಿಡಿದು, ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿಟ್ಳು. ಉರಿಗೆ ಕಣ್ಣು ಕೆಂಪಾಯ್ತು, ನೀರು ದಳದಳ ಸುರೀತು. “ಬೇಗ ಆಕ್ಷನ್ ಅನ್ರೋ, ಇಳಿದೋಗುತ್ತೆ!” ಅಂತ ಗುಡುಗಮ್ಮನೇ ಕೂಗಿದ್ಳು. ಕೆಮ್ಮಣ್ಣ ಹೇಳ್ಕೊಟ್ಟ, ಅವಳು ಟೇಪಿನ ಕಡೆ ನೋಡಿ ಅತ್ಳು, ತುಟಿ ನಡುಗಿಸಿದ್ಳು, ‘ಅಮ್ಮಾ’ ಅಂದ್ಳು. ಕಟ್ ಅಂದ್ಳು. ಒಂದೇ ಟೇಕು.

ಎಡಿಟಿಂಗ್ ಮಾಡೋನು ಸೆಟ್ಟಲ್ಲೇ ಕೂತಿದ್ದ, ನಾಳೆ ಸಾಯಂಕಾಲಕ್ಕೆ ಬೇಕಲ್ಲ. ಎರಡು ಶಾಟನ್ನೂ ಜೋಡಿಸಿ ಕರೆದ. ಗುಡುಗಮ್ಮ ಮೂತಿ ಒರೆಸ್ಕೊಂಡು ಹೋಗಿ ಅವನ ಹಿಂದೆ ನಿಂತ್ಳು. ಸಣ್ಣ ಪರದೆ. ಅಮ್ಮ ಬಲಗಡೆ ನೋಡ್ತಾರೆ, ‘ಮಗಳೇ’ ಅಂತಾರೆ. ಇವಳು ಎಡಗಡೆ ನೋಡ್ತಾಳೆ, ಕಣ್ಣು ತುಂಬುತ್ತೆ. ಅಮ್ಮ ಕೈ ಚಾಚ್ತಾರೆ. ಇವಳು ‘ಅಮ್ಮಾ’ ಅಂತಾಳೆ. ನೋಟಕ್ಕೆ ನೋಟ ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ. ಬಟ್ಟೆ ಹಿಂದಿನ ಪ್ರಾಂಪ್ಟಿಂಗ್ ದನಿ ಆಗಲೇ ಕತ್ತರಿಸಿ ಹೋಗಿತ್ತು. ಗೊತ್ತಿಲ್ದೋರು ನೋಡಿದ್ರೆ ತಾಯಿ ಮಗಳು ಮೂರಡಿ ದೂರದಲ್ಲಿ ಎದುರುಬದರು ಕೂತು ಒಬ್ಬರನ್ನೊಬ್ಬರು ನೋಡ್ತಿದಾರೆ ಅಂತಾನೇ ಅನ್ಬೇಕು.

“ಜಾಯಿಂಟ್ ಸರಿ ಇದೆಯಾ ಮೇಡಂ? ಮ್ಯೂಸಿಕ್ ಹಾಕಿ ಕಳಿಸ್ಲಾ?” ಅಂದ ಅವನು.

ಗುಡುಗಮ್ಮ ಒಂದು ಕುರ್ಚಿ ಎಳ್ಕೊಂಡ್ಳು. ಹತ್ತಿರಕ್ಕೆ, ಪರದೆಗೆ ಮೂಗು ತಾಗೋವಷ್ಟು ಹತ್ತಿರಕ್ಕೆ ಹಾಕ್ಕೊಂಡು ಕೂತ್ಳು.

“ಕಳಿಸ್ಬೇಡ ಇನ್ನೂ,” ಅಂದ್ಳು. “ಅಮ್ಮಂದು ಮೊದಲಿಂದ ಹಾಕು.”

ಅವನು ಹಾಕಿದ. ಮುಗೀತು.

“ಹಾಕು,” ಅಂದ್ಳು.